ದೀಪ ಹಾಕುವ ಮರ

ವರ್ಷ ಮುಗಿಯಲು ಇನ್ನು ಕೆಲವೇ ವಾರಗಳಿವೆ ಎನ್ನುವಾಗ ನಿವಾಸಿಗಳ ಸಂಘದ ಕಾರ್ಯದರ್ಶಿ ಮೇಡಂ ಗೇಟಿನ ಪಕ್ಕದ ಪುಟ್ಟ ಮನೆಗೆ ಬಂದು ಬಾಗಿಲಲ್ಲೇ ನಿಂತರು. ಅವರು ಹೀಗೆ ಮನೆ ಬಾಗಿಲಿಗೆ ಬಂದು ಮಾತಾಡುವವರಲ್ಲ. ನಾಲ್ಕು ಕಟ್ಟಡಗಳ ಆ ವಸತಿ ಸಮುಚ್ಚಯದಲ್ಲಿ ಏನೇ ಹೇಳುವುದಿದ್ದರೂ ಒಂದು ನೋಟೀಸು ಬರೆದು ಲಿಫ್ಟಿನ ಪಕ್ಕ ಅಂಟಿಸಿ ಕೈತೊಳೆದುಕೊಳ್ಳುತ್ತಿದ್ದರು. ನಲ್ಲಿ ಸೋರಿದರೆ ನೋಟೀಸು, ನಾಯಿ ಬೊಗಳಿದರೆ ನೋಟೀಸು. ಬೆನ್ನ ಹಿಂದೆ ಎಲ್ಲರೂ ಅವರನ್ನು ನೋಟೀಸಮ್ಮ ಎಂದೇ ಕರೆಯುತ್ತಿದ್ದರು. ಈ ಸಲ ಮಾತ್ರ ಅವರ ಕೈಯಲ್ಲಿ ಕಾಗದವಿರಲಿಲ್ಲ.

"ಏಣಿಯಪ್ಪ ಇದ್ದಾರಾ?" ಎಂದು ಕೇಳಿದರು.

"ಹಿಂದಿನ ಮೋರಿ ಕಟ್ಕೊಂಡಿತ್ತು, ಬಿಡಿಸೋಕೆ ಹೋಗಿದ್ದಾರೆ. ಬರ್ತಾರೆ, ಕೂತ್ಕೊಳ್ಳಿ ಮೇಡಂ," ಎಂದು ಸೊಸೆ ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಸ್ಟೂಲಿನ ಮೇಲಿದ್ದ ಬಟ್ಟೆಗಳನ್ನು ಸರಿಸಿದಳು.

ಏಣಿಯಪ್ಪನೆಂದರೆ ಅವಳ ಮಾವ. ಕಟ್ಟಡಗಳು ಹೊಸದಾಗಿದ್ದಾಗಲೇ ಇಲ್ಲಿಗೆ ಬಂದವನು. ಪಂಪು ಹಾಕುವುದು, ಮೆಟ್ಟಿಲ ಬಲ್ಬು ಬದಲಿಸುವುದು, ತುಕ್ಕು ಹಿಡಿದ ಗೇಟಿಗೆ ಬಣ್ಣ ಬಳಿಯುವುದು, ಎಲೆ ಗುಡಿಸುವುದು, ಎಲ್ಲವೂ ಅವನದೇ. ಯಾವಾಗ ನೋಡಿದರೂ ಹೆಗಲ ಮೇಲೊಂದು ಏಣಿ ಇರುತ್ತಿದ್ದುದರಿಂದ ಮಕ್ಕಳು ಇಟ್ಟ ಹೆಸರು ಅದು; ಆಮೇಲೆ ದೊಡ್ಡವರಿಗೂ ಅದೇ ಬಾಯಿಗೆ ಬಂತು. ಅವನ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬನೇ ಮಗ. ವೈರಿಂಗ್ ಕೆಲಸ ಕಲಿತು, ಹೊರಗೂ ದುಡಿದು, ಅಪ್ಪನಿಗೂ ಕೈಜೋಡಿಸುತ್ತಿದ್ದ.

ಅಂಗಳದ ನಟ್ಟನಡುವೆ ಒಂದು ದೊಡ್ಡ ಮರ. ಹೇಳಿಕೊಳ್ಳುವಂಥ ಹೂವೂ ಇಲ್ಲ, ಹಣ್ಣೂ ಇಲ್ಲ. ನೆರಳಿಗೆ ಮಾತ್ರ ಕೊರತೆಯಿಲ್ಲ. ಪ್ರತಿವರ್ಷದ ಕೊನೆಗೆ ಬುಡದಿಂದ ತುದಿಯವರೆಗೆ ಅದಕ್ಕೆ ದೀಪದ ಸರ ಸುತ್ತುತ್ತಿದ್ದರು. ಸುತ್ತುತ್ತಿದ್ದವನು ಮಗ. ಕಳೆದ ವರ್ಷ ಹಾಗೆ ಸುತ್ತುತ್ತಿದ್ದಾಗ ಅವನು ಕಾಲಿಟ್ಟ ಕೊಂಬೆ ಮುರಿಯಿತು. ಹೊರಗೆ ಹಸಿರಾಗಿದ್ದ ಕೊಂಬೆ ಒಳಗೆ ಟೊಳ್ಳಾಗಿತ್ತು. ಆಸ್ಪತ್ರೆಯ ದಾರಿಯಲ್ಲೇ ಅವನ ಜೀವ ಹೋಯಿತು.

ನೋಟೀಸಮ್ಮ ಸ್ಟೂಲಿನ ತುದಿಯಲ್ಲಿ ಕೂತರು. ಏಣಿಯಪ್ಪ ಕೈಕಾಲು ತೊಳೆದುಕೊಂಡು ಒಳಗೆ ಬಂದಮೇಲೆ, ಎರಡು ಸಲ ಕೆಮ್ಮಿ ಮಾತು ತೆಗೆದರು.

"ನಿನ್ನೆ ಮೀಟಿಂಗ್ ಆಯ್ತು. ಈ ವರ್ಷ ದೀಪ ಹಾಕೋದಾ ಬೇಡ್ವಾ ಅಂತ. ಮಕ್ಕಳು ಕೇಳ್ತಿದ್ದಾರೆ, ಏನ್ ಹೇಳೋದು. ಹಾಕಿದ್ರೂ ಮರಕ್ಕೆ ಬೇಡ, ಬಾಲ್ಕನಿ ಕಂಬಿಗೆ ಹಾಕೋಣ, ಹೊರಗಿನ ಕಾಂಟ್ರಾಕ್ಟಿನವರು ಬಂದು ಮಾಡ್ಕೊಂಡು ಹೋಗ್ಲಿ ಅಂತ ಆಯ್ತು. ಆದ್ರೆ ಇನ್ನೊಂದು ಮಾತು ಬಂತು." ಅವರು ಸೊಸೆಯ ಕಡೆ ನೋಡಿ ಕಣ್ಣು ತಪ್ಪಿಸಿದರು. "ಮರಾನೇ ತೆಗೆಸಿಬಿಡೋಣ ಅಂತ ಕೆಲವರು. ದಿನಾ ಬೆಳಗಾದ್ರೆ ನಿಮ್ಮ ಕಣ್ಣೆದುರಿಗೇ ಇರುತ್ತಲ್ಲ. ಪರ್ಮಿಶನ್ ಎಲ್ಲ ನಾನು ನೋಡ್ಕೋತೀನಿ. ಬೇಕೋ ಬೇಡ್ವೋ ಅಂತ ನೀವಿಬ್ರೇ ಹೇಳ್ಬೇಕು."

ಏಣಿಯಪ್ಪ ತಡಮಾಡಲಿಲ್ಲ. "ಮರ ಏನ್ ಮಾಡ್ತು ಮೇಡಂ? ಇವನು ಹತ್ತುತಾನೆ ಅಂತ ಅದಕ್ಕೆ ಗೊತ್ತಿತ್ತಾ? ಇರ್ಲಿ ಬಿಡಿ."

"ನೀನೇನ್ ಹೇಳ್ತೀಯಮ್ಮಾ?"

"ಮಾವ ಹೇಳಿದ ಹಾಗೆ," ಎಂದಳು ಸೊಸೆ.

ನೋಟೀಸಮ್ಮನ ಹೆಗಲ ಮೇಲಿನ ಭಾರ ಇಳಿದ ಹಾಗಾಯಿತು. ಎದ್ದು ಹೋದರು. ಹೋಗುವಾಗ ಬಾಗಿಲ ಬಳಿ ಆಡುತ್ತಿದ್ದ ಪುಟ್ಟಿಯ ತಲೆ ನೇವರಿಸಿದರು. ಪುಟ್ಟಿ ತೀರಿಹೋದ ಮಗನ ಮಗಳು, ಇನ್ನೂ ಶಾಲೆಯ ಮೆಟ್ಟಿಲು ಹತ್ತದವಳು. ತಲೆ ನೇವರಿಸುವವರ ಸಂಖ್ಯೆ ಈ ವರ್ಷ ಯಾಕೆ ಹೆಚ್ಚಾಯಿತೆಂದು ಅವಳಿಗೆ ಅರ್ಥವಾಗಿರಲಿಲ್ಲ.

ಸೊಸೆಗೆ ಆ ಮರ ಬೇಡವಾಗಿತ್ತು. ಆದರೆ ಅದನ್ನು ಹೇಳುವ ನಾಲಿಗೆ ಅವಳಿಗಿರಲಿಲ್ಲ. ಗಂಡ ಹೋದ ಮೇಲೆ ಆ ಮನೆಯಲ್ಲಿ ಅವರಿಬ್ಬರ ನಡುವೆ ಅವನ ಮಾತೇ ಎದ್ದಿರಲಿಲ್ಲ. ಮಾವ ಎತ್ತಿದರೆ ಸೊಸೆಗೆ ನೋವಾದೀತೆಂದು ಮಾವ ಸುಮ್ಮನಿದ್ದ. ಸೊಸೆ ಎತ್ತಿದರೆ ಮುದುಕನ ಎದೆ ಒಡೆದೀತೆಂದು ಅವಳು ಸುಮ್ಮನಿದ್ದಳು. ಬಿಸಿ ತುಪ್ಪದ ಹಾಗೆ ಬಾಯಲ್ಲಿಟ್ಟುಕೊಂಡು, ಉಗುಳಲೂ ಆಗದೆ ನುಂಗಲೂ ಆಗದೆ, ಇಬ್ಬರೂ ಉಪ್ಪು, ಸಾಬೂನು, ಪುಟ್ಟಿಯ ಕೆಮ್ಮು, ಇವುಗಳ ಬಗ್ಗೆಯೇ ಮಾತಾಡಿಕೊಂಡು ಒಂದು ವರ್ಷ ತಳ್ಳಿದ್ದರು.

ಅವಳು ಹೊಲಿಗೆಯವಳು. ನಾಲ್ಕೂ ಕಟ್ಟಡಗಳ ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಹರಿದ ಜಿಪ್ಪು ಬದಲಿಸುವುದು, ಪರದೆಗಳ ಅಂಚು ಮಡಿಸುವುದು ಅವಳ ಕೆಲಸ. ಯಂತ್ರ ಮೊದಲು ಕಿಟಕಿಯ ಬುಡದಲ್ಲಿತ್ತು. ಕಿಟಕಿಯಿಂದ ಮರ ನೇರ ಕಾಣುತ್ತಿತ್ತು. ಆ ದಿನ ಅವಳು ಯಾರದೋ ಪ್ಯಾಂಟಿನ ಕಾಲು ಮಡಿಸಿ ಹೊಲಿಯುತ್ತಿದ್ದಳು. ಕೊಂಬೆ ಮುರಿದ ಸದ್ದು ಕೇಳಿತು. ಸದ್ದು ಕೇಳಿದ ಮೇಲೂ ಅವಳ ಕಾಲು ಪೆಡಲನ್ನು ತುಳಿಯುತ್ತಲೇ ಇತ್ತು. ಸೂಜಿ ಒಂದು ಗೇಣು ಬಟ್ಟೆಯನ್ನು ಹೊಲಿದ ಮೇಲೆ ಅವಳು ಎದ್ದು ಓಡಿದ್ದಳು. ಆ ಒಂದು ಗೇಣು ಅವಳನ್ನು ಬಿಡಲಿಲ್ಲ. ಗಾಳಿಗೆ ಮರ ಸ್ವಲ್ಪ ಕಿರುಗುಟ್ಟಿದರೂ ಅವಳ ಕಾಲು ಪೆಡಲಿನ ಮೇಲೆ ಮರಗಟ್ಟುತ್ತಿತ್ತು.

ಹಾಗಾಗಿ ಅವಳು ಯಂತ್ರವನ್ನು ಎದುರು ಮೂಲೆಗೆ ಎಳೆದು ಗೋಡೆಗೆ ಮುಖ ಮಾಡಿಟ್ಟುಕೊಂಡಳು. ಕಿಟಕಿಗೆ ಒಂದು ದಪ್ಪ ಬಟ್ಟೆಯನ್ನು ನಾಲ್ಕೂ ಮೂಲೆಗೆ ಮೊಳೆ ಹೊಡೆದು ಬಿಗಿದಳು. "ಬಿಸಿಲು ಹೊಡೀತದೆ ಮಾವ," ಎಂದಿದ್ದಳು. ಮಾವ ಒಪ್ಪಿಕೊಂಡಿದ್ದ. ಬೇಸಿಗೆ ಹೋಯಿತು, ಮಳೆ ಹೋಯಿತು, ಚಳಿ ಬಂತು, ಬಟ್ಟೆ ಮಾತ್ರ ಕಿಟಕಿಯಿಂದ ಇಳಿಯಲಿಲ್ಲ.

ನೋಟೀಸಮ್ಮ ಬಂದುಹೋದ ಕೆಲವು ದಿನಗಳ ಮೇಲೆ, ಎರಡನೇ ಕಟ್ಟಡದ ಒಬ್ಬಾಕೆ ಮಗನ ಶಾಲೆಯ ಅಂಗಿಯನ್ನು ವಾಪಸು ತಂದರು. ಕಾಲರ್ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. "ಪರವಾಗಿಲ್ಲಮ್ಮ, ಆರಾಮಾಗಿ ಮಾಡಿಕೊಡು," ಎಂದರು ಮೆಲ್ಲಗೆ. ಮೊದಲಾಗಿದ್ದರೆ ಆಕೆ ಎಂಟು ಮಾತು ಆಡಿ ಹೋಗುತ್ತಿದ್ದರು. ಈಗ ಯಾರೂ ಇವಳನ್ನು ಬೈಯುತ್ತಿರಲಿಲ್ಲ. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಆ ಮಧ್ಯಾಹ್ನ ಏಣಿಯಪ್ಪ ಇಕ್ಕಳ ತೆಗೆದುಕೊಂಡು ಹೋಗಲು ಮನೆಗೆ ಬಂದ. ಹೊರಗೆ ಕಣ್ಣು ಕೋರೈಸುವ ಬಿಸಿಲು. ಒಳಗೆ ಸೊಸೆ ತಲೆಯ ಮೇಲೆ ಬಲ್ಬು ಹಾಕಿಕೊಂಡು, ಗೋಡೆಗೆ ಮುಖ ಮಾಡಿ ಕೂತು, ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದಳು. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಹಾಕಿದಳು, ತಪ್ಪಿತು. ಮತ್ತೆ ಹಾಕಿದಳು, ತಪ್ಪಿತು. ಕಣ್ಣು ಉಜ್ಜಿಕೊಂಡಳು. ಪಕ್ಕದಲ್ಲಿ ಬಿಚ್ಚಿದ ಕಾಲರ್ ಬಿದ್ದಿತ್ತು.

ಏಣಿಯಪ್ಪ ಬಾಗಿಲಲ್ಲಿ ನಿಂತು ನೋಡಿದ. ಕಿಟಕಿಯ ಬಟ್ಟೆಯ ಮೂಲೆಗಳಲ್ಲಿ ಮೊಳೆಗಳು ತುಕ್ಕು ಹಿಡಿದಿದ್ದವು. ಆ ಕಿಟಕಿಗೆ ಚಳಿಗಾಲದಲ್ಲಿ ಬಿಸಿಲೇ ಬರುವುದಿಲ್ಲವೆಂದು ಅವನಿಗೆ ಈಗ ನೆನಪಾಯಿತು.

"ಕೊಡು ಇಲ್ಲಿ," ಎಂದು ಸೂಜಿಯ ಮುಂದೆ ಬಗ್ಗಿದ. ಅವನ ಕಣ್ಣಿಗೂ ಆಗಲಿಲ್ಲ. ಇಬ್ಬರೂ ಸೇರಿ ಹೇಗೋ ದಾರ ತೂರಿಸಿದರು.

"ಇಕ್ಕಳ ಅಲ್ಲಿದೆ ಮಾವ, ಗೂಡಿನಲ್ಲಿ," ಎಂದಳು ಅವಳು.

"ಹೂಂ," ಎಂದ ಅವನು. ಇಕ್ಕಳ ತೆಗೆದುಕೊಳ್ಳದೆ ಹೊರಟುಹೋದ.

ವಾರ ಕಳೆದ ಮೇಲೆ, ಊಟಕ್ಕೆ ಕೂತಾಗ, ತಟ್ಟೆಯಿಂದ ತಲೆ ಎತ್ತದೆ ಹೇಳಿದ: "ಮೇಡಂಗೆ ಹೇಳಿ ಬಂದೆ, ಶನಿವಾರ ಮರ ಕಡೀತಾರೆ. ಪುಟ್ಟೀನ ಕರ್ಕೊಂಡು ನಿಮ್ಮಕ್ಕನ ಮನೆಗೆ ಹೋಗಿದ್ದು ಬಾ. ಮಿಷಿನ್ ಸದ್ದು ಜಾಸ್ತಿ ಇರುತ್ತೆ."

ಸೊಸೆಯ ಕೈ ತಟ್ಟೆಯಲ್ಲೇ ನಿಂತಿತು. "ಇರ್ಲಿ ಅಂದಿದ್ರಲ್ಲ ಮಾವ?"

"ಹಳೇ ಮರ. ಒಂದು ಕೊಂಬೆ ಟೊಳ್ಳಾದ್ರೆ ಇನ್ನೊಂದು ಆಗಲ್ಲ ಅಂತ ಏನ್ ಗ್ಯಾರಂಟಿ. ಮಕ್ಕಳು ಆಡೋ ಜಾಗ."

"ನೀವು ಬರಲ್ವಾ?"

"ಹಗ್ಗ ಹಿಡಿಯೋಕೆ ಯಾರಾದ್ರೂ ಇರ್ಬೇಕಲ್ಲ."

ಅವಳು ಹೆಚ್ಚು ಕೇಳಲಿಲ್ಲ. ಎದೆಯ ಮೇಲಿದ್ದ ಬಂಡೆ ಜರುಗಿದ ಹಾಗಾಗಿತ್ತು. ಅದು ಯಾಕೆ ಜರುಗಿತೆಂದು ಕೇಳಿದರೆ ಮತ್ತೆ ಬಂದು ಕೂತೀತೆಂಬ ಭಯ.

ಶನಿವಾರ ಮರ ಕಡಿಯುವವರು ಬೆಳಿಗ್ಗೆಯೇ ಬಂದರು. ಏಣಿಯಪ್ಪ ಸ್ಕೂಟರುಗಳನ್ನೆಲ್ಲ ಸರಿಸಿ, ಯಾವ ಕೊಂಬೆಯನ್ನು ಯಾವ ಕಡೆ ಇಳಿಸಬೇಕೆಂದು ತೋರಿಸಿದ. ಬಾಲ್ಕನಿಗಳಲ್ಲಿ ಜನ ನಿಂತು ನೋಡುತ್ತಿದ್ದರು. ಮೇಲಿಂದ ಕೆಳಗೆ ಒಂದೊಂದೇ ಕೊಂಬೆಯನ್ನು ಹಗ್ಗ ಕಟ್ಟಿ ಇಳಿಸಿದರು. ತೀರ ಕೆಳಗಿನ, ಅಡ್ಡಕ್ಕೆ ಚಾಚಿದ ದಪ್ಪ ಕೊಂಬೆಯ ಸರದಿ ಬಂದಾಗ ಅವನು, "ಸ್ವಲ್ಪ ನಿಲ್ಲಿ," ಎಂದು ಹೇಳಿ, ಹೋಗಿ ಅದರ ಮೇಲೆ ಕೈಯಿಟ್ಟು ನಿಂತ. ಕಡಿಯುವವನು ಯಂತ್ರ ಆರಿಸಿ ಕಾದ. ಸ್ವಲ್ಪ ಹೊತ್ತಾದ ಮೇಲೆ ಏಣಿಯಪ್ಪ ಪಕ್ಕಕ್ಕೆ ಸರಿದು, "ಹೂಂ, ಹಾಕಿ," ಎಂದ.

ಬುಡ ಉರುಳಿದ ಮೇಲೆ ಕಡಿಯುವವನು ಕೊಯ್ದ ಜಾಗವನ್ನು ಬೆರಳಿಂದ ಬಡಿದು ನೋಡಿ, ಸಹಜವಾಗಿ ಹೇಳಿದ: "ಎಷ್ಟು ಗಟ್ಟಿ ಇದೆ ನೋಡಿ ಯಜಮಾನ್ರೇ. ಆ ಮುರಿದ ಒಂದು ಕೊಂಬೆ ಬಿಟ್ರೆ ಎಲ್ಲೂ ಟೊಳ್ಳಿಲ್ಲ. ನಿಮ್ಮ ಮೊಮ್ಮಗಳ ಮೊಮ್ಮಕ್ಕಳ ಕಾಲಕ್ಕೂ ಇರ್ತಿತ್ತು."

"ಮರ ಬೇಕಾದ್ರೆ ತಗೊಂಡು ಹೋಗಿ. ಒಂದು ಚೂರೂ ಇಲ್ಲಿ ಬಿಡ್ಬೇಡಿ," ಎಂದ ಏಣಿಯಪ್ಪ. ಪೊರಕೆ ತಂದು ಮರದ ಪುಡಿಯನ್ನು ತಾನೇ ಗುಡಿಸಿದ.

ಸಂಜೆ ಸೊಸೆ ಗೇಟು ದಾಟಿ ಒಳಗೆ ಬಂದಾಗ ಬೇರೆ ಯಾರದೋ ಅಂಗಳಕ್ಕೆ ಬಂದ ಹಾಗೆ ಅನಿಸಿತು. ಮೇಲೆ ಆಕಾಶ ಬಟಾಬಯಲಾಗಿತ್ತು. ಎದುರು ಕಟ್ಟಡದ ಒಣಹಾಕಿದ ಬಟ್ಟೆ, ಒಡೆದ ಪೈಪು, ಯಾರದೋ ಅಡುಗೆಮನೆಯ ದೀಪ, ಎಲ್ಲವೂ ಕಾಣುತ್ತಿತ್ತು. ಪುಟ್ಟಿ ಅವಳ ಕೈ ಎಳೆದು, "ಮರ ಎಲ್ಲಿ ಹೋಯ್ತು?" ಎಂದಳು. "ಹೋಯ್ತು," ಎಂದಷ್ಟೇ ಹೇಳಿ ಒಳಗೆ ನಡೆದಳು. ಒಳಗೆ ಮಾವ ಮೊಳೆ ಕಿತ್ತು, ಕಿಟಕಿಯ ಬಟ್ಟೆ ಮಡಿಸಿಟ್ಟು, ಯಂತ್ರವನ್ನು ಕಿಟಕಿಯ ಬುಡಕ್ಕೆ ಎಳೆದಿಟ್ಟಿದ್ದ. ಸೂಜಿಗೆ ದಾರವನ್ನೂ ಪೋಣಿಸಿದ್ದ. ಎಷ್ಟು ಹೊತ್ತು ಹಿಡಿದಿತ್ತೋ.

ಹೊಲಿಗೆ ನೇರವಾಯಿತು. ಕೊಂಬೆ ಮುರಿದ ಆ ಸದ್ದು ಮಾತ್ರ ಅವಳ ಕಿವಿಯಲ್ಲಿ ನಿಲ್ಲಲಿಲ್ಲ. ಗಾಳಿಗೆ ಕಿರುಗುಟ್ಟಲು ಹೊರಗೆ ಈಗ ಏನೂ ಇರಲಿಲ್ಲ. ಆದರೂ ದಾರ ತುಂಡಾದರೆ, ಬಾಗಿಲು ಬಡಿದರೆ, ಮೇಲಿನ ಮನೆಯವರು ಏನಾದರೂ ಕೆಡವಿದರೆ, ಅವಳ ಕಾಲು ಮೊದಲಿನ ಹಾಗೇ ಮರಗಟ್ಟುತ್ತಿತ್ತು. ಇದನ್ನು ಯಾರಿಗೆ ಹೇಳುವುದು? ತನಗಾಗಿ ಒಂದು ಮರವನ್ನೇ ಉರುಳಿಸಿದ ಮಾವನಿಗೆ ಹೇಳುವುದೇ?

ಮಾವನೋ ದಿನದಿನಕ್ಕೆ ಕುಗ್ಗುತ್ತ ಹೋದ. ಬೆಳಿಗ್ಗೆ ಎದ್ದು ಪಂಪು ಹಾಕುತ್ತಿದ್ದ, ಪೊರಕೆ ಹಿಡಿದು ಅಂಗಳಕ್ಕೆ ಹೋಗುತ್ತಿದ್ದ, ಗುಡಿಸಲು ಎಲೆಯಿಲ್ಲದೆ ಸಿಮೆಂಟನ್ನೇ ಗುಡಿಸಿ ಬರುತ್ತಿದ್ದ. ಕಾಂಟ್ರಾಕ್ಟಿನ ಹುಡುಗರು ಬಂದು ಬಾಲ್ಕನಿಗಳ ಕಂಬಿಗೆ ದೀಪ ಕಟ್ಟುವಾಗ ಒಮ್ಮೆಯೂ ತಲೆ ಎತ್ತಿ ನೋಡಲಿಲ್ಲ. ಊಟದ ತಟ್ಟೆಯಲ್ಲಿ ಅರ್ಧಕ್ಕರ್ಧ ಹಾಗೇ ಉಳಿಯುತ್ತಿತ್ತು. "ವಯಸ್ಸಾಯ್ತಮ್ಮ, ಹೊಟ್ಟೆ ಚಿಕ್ಕದಾಗಿದೆ," ಎನ್ನುತ್ತಿದ್ದ.

ದೀಪ ಹೊತ್ತಿಸುವ ದಿನ ಬೆಳಿಗ್ಗೆ ಮೂರನೇ ಕಟ್ಟಡದ ಅಜ್ಜಿ ಒಂದು ಪರದೆ ಹಿಡಿದುಕೊಂಡು ಬಂದರು. ಅಲ್ಲಿ ಎಲ್ಲರಿಗಿಂತ ಮೊದಲು ಮನೆ ತೆಗೆದುಕೊಂಡವರು ಅವರೇ. ಕಿಟಕಿಯ ಹತ್ತಿರ ಕೂತು, ಮರವಿದ್ದ ಜಾಗವನ್ನು ನೋಡುತ್ತ ನಿಟ್ಟುಸಿರು ಬಿಟ್ಟರು.

"ಒಳ್ಳೇದೇ ಆಯ್ತು ಬಿಡು. ಆದ್ರೂ ಅವನು ಹೇಗೆ ಒಪ್ಪಿದ್ನೋ. ನಿನ್ನ ಗಂಡ ಬೆಳೆದದ್ದೇ ಆ ಮರದಲ್ಲಿ."

ಸೊಸೆ ಪೆಡಲು ನಿಲ್ಲಿಸಿದಳು. "ಅಂದ್ರೆ ಏನಜ್ಜಿ?"

"ಗೊತ್ತಿಲ್ವಾ ನಿಂಗೆ? ಇವರು ಬಂದಾಗ ಅವನು ಕೈಗೂಸು. ಏಣಿಯಪ್ಪ ಒಂದು ಕಡೆ, ನಿನ್ನ ಅತ್ತೆ ಒಂದು ಕಡೆ ಕೆಲಸ. ಮಗೂನ ನೋಡ್ಕೊಳ್ಳೋರು ಯಾರು? ಆ ಅಡ್ಡ ಕೊಂಬೆಗೆ ಬಟ್ಟೆ ಜೋಲಿ ಕಟ್ಟಿ ಮಲಗಿಸ್ತಿದ್ರು. ಹೋಗೋರು ಬರೋರು ಎಲ್ಲ ಒಂದೊಂದು ಸಲ ತೂಗೋದು. ನಾನೇ ಎಷ್ಟು ತೂಗಿದ್ದೀನೋ. ನಡೆಯೋಕೆ ಕಲಿಯೋವರೆಗೂ ಅಲ್ಲೇ ಇದ್ದ." ಅಜ್ಜಿ ಕಣ್ಣೊರೆಸಿಕೊಂಡರು. "ನಿನ್ನ ಅತ್ತೆ ಸತ್ತ ಮೇಲೆ ಏಣಿಯಪ್ಪ ಎಷ್ಟೋ ಸಾಯಂಕಾಲ ಆ ಕೊಂಬೆ ಕೆಳಗೇ ಕೂತಿರ್ತಿದ್ದ."

ಅಜ್ಜಿ ಹೋದ ಮೇಲೆ ಸೊಸೆಗೆ ಹೊಲಿಯಲು ಆಗಲಿಲ್ಲ. ಪರದೆಯನ್ನು ಮಡಿಲಲ್ಲಿ ಇಟ್ಟುಕೊಂಡು ಹಾಗೇ ಕೂತಳು.

ಮುಸ್ಸಂಜೆಗೆ ಹೊರಗೆ ದೀಪ ಹತ್ತಿದವು. ಮಕ್ಕಳು ಕೂಗಿದರು, ಆಮೇಲೆ ಯಾರೋ ಗದರಿಸಿದ ಹಾಗೆ ಸುಮ್ಮನಾದರು. ಪುಟ್ಟಿ ಕಿಟಕಿಯ ಕಂಬಿ ಹಿಡಿದು ನಿಂತು ನೋಡುತ್ತಿದ್ದಳು. ಮಾವ ಗೋಡೆಗೊರಗಿ ಕೂತಿದ್ದ. ಸೊಸೆ ತಟ್ಟೆ ತಂದಿಟ್ಟು, ತಾನೂ ಎದುರಿಗೆ ಕೂತಳು.

"ಯಾಕೆ ಹೇಳ್ಲಿಲ್ಲ ಮಾವ?"

"ಏನಮ್ಮ?"

"ಜೋಲಿ ವಿಷಯ. ಅಜ್ಜಿ ಹೇಳಿದ್ರು."

ಅವನು ಅನ್ನ ಕಲಸುತ್ತಲೇ ಹೇಳಿದ: "ಹೇಳಿದ್ರೆ ನೀನು ಕಡೀಬೇಡಿ ಅಂತಿದ್ದೆ. ಅಂದು, ಮತ್ತೆ ಗೋಡೆ ನೋಡ್ಕೊಂಡು ಕತ್ತಲಲ್ಲಿ ಹೊಲೀತಿದ್ದೆ. ಹೋದವನಿಗೆ ಇನ್ನು ಜೋಲಿ ಯಾಕಮ್ಮ. ಇರೋಳಿಗೆ ಕಣ್ಣು ಬೇಕು."

ಸೊಸೆ ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. "ಕಡಿದ ಮೇಲೂ ಆ ಕೊಂಬೆ ಮುರಿದ ಸದ್ದು ಕೇಳಿಸುತ್ತೆ ಮಾವ. ಸುಮ್ನೆ ಕಡಿಸಿದ್ವಿ. ಮರ ಹೋಯ್ತು, ಸದ್ದು ಹಾಗೇ ಇದೆ."

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ನನಗೆ ಅದೂ ಇಲ್ಲ," ಎಂದ. "ನಾನು ಟ್ಯಾಂಕಿನ ಹತ್ರ ಇದ್ದೆ. ಪಂಪ್ ಓಡ್ತಿತ್ತು. ಏನೂ ಕೇಳಿಸ್ಲಿಲ್ಲ. ಇಳಿದು ಬರೋ ಅಷ್ಟರಲ್ಲಿ ಅವನನ್ನ ಕಾರಿಗೆ ಹಾಕ್ತಿದ್ರು. ಕಣ್ಣು ಮುಚ್ಚಿತ್ತು." ಅವಳ ಕಡೆ ತಿರುಗಿದ. "ನೀನು ಹತ್ರ ಇದ್ದೆ. ಅವನು ಏನಾದ್ರೂ ಅಂದನಾ? ಒಂದು ವರ್ಷದಿಂದ ಕೇಳ್ಬೇಕು ಅಂತಿದ್ದೀನಿ. ಬಾಯಿ ಬರ್ಲಿಲ್ಲ."

ಸೊಸೆ ಪುಟ್ಟಿಯ ಕಡೆ ನೋಡಿ ದನಿ ತಗ್ಗಿಸಿದಳು. "ನಾನು ಹೋಗಿ ತಲೆ ಎತ್ತಿ ತೊಡೆ ಮೇಲೆ ಇಟ್ಕೊಂಡೆ. ಕಣ್ಣು ಬಿಟ್ಟಿದ್ರು. ನನ್ನನ್ನ ನೋಡ್ಲಿಲ್ಲ, ನನ್ನ ಹಿಂದೆ ನೋಡಿದ್ರು. ಇವಳು ನನ್ನ ಹಿಂದೇನೇ ಓಡಿ ಬಂದಿದ್ಲು, ನನಗೆ ಗೊತ್ತೇ ಆಗಿರ್ಲಿಲ್ಲ. 'ಪುಟ್ಟೀನ ಒಳಗೆ ಕರ್ಕೊಂಡು ಹೋಗು' ಅಂದ್ರು. ಅಷ್ಟೇ. ನಾನು ಅವರನ್ನ ಬಿಟ್ಟು ಹೋಗ್ಲಿಲ್ಲ ಮಾವ. ಇವಳು ಅಲ್ಲೇ ನಿಂತಿದ್ಲು. ಎಲ್ಲ ನೋಡಿದ್ಲು."

ಏಣಿಯಪ್ಪ ಮುಖ ಮುಚ್ಚಿಕೊಂಡ. ಅಷ್ಟು ದೊಡ್ಡ ಆಳು ಅಳುವಾಗ ಸದ್ದೇ ಬರಲಿಲ್ಲ, ಭುಜ ಮಾತ್ರ ಕುಲುಕಿತು. ಮಗ ಸತ್ತ ದಿನವೂ ಅವನು ಹೀಗೆ ಅತ್ತಿರಲಿಲ್ಲ. ಆ ದಿನ ಬಂದವರಿಗೆಲ್ಲ ಕುರ್ಚಿ ಹಾಕುತ್ತ ಓಡಾಡಿದ್ದ. ಸೊಸೆ ಎದ್ದು ಅವನ ಪಕ್ಕದಲ್ಲಿ ಗೋಡೆಗೊರಗಿ ಕೂತಳು. ಮಾವನ ಪಕ್ಕದಲ್ಲಿ ಅವಳು ಹಾಗೆ ಕೂತದ್ದು ಅದೇ ಮೊದಲು.

ಪುಟ್ಟಿ ಕಿಟಕಿ ಬಿಟ್ಟು ಬಂದು ತಾತನ ಮಂಡಿ ಹಿಡಿದು ನಿಂತಳು. "ತಾತ ಯಾಕೆ ಅಳ್ತಿದ್ದಾರೆ?"

"ನಿಮ್ಮಪ್ಪನ ನೆನಪಾಯ್ತು," ಎಂದಳು ಸೊಸೆ. ಒಂದು ವರ್ಷದ ಮೇಲೆ ಆ ಮಾತು ಆ ಮನೆಯಲ್ಲಿ ಬಾಯಿಬಿಟ್ಟು ಬಂತು. ಪುಟ್ಟಿ ಅದರಲ್ಲೇನೂ ವಿಶೇಷವಿಲ್ಲವೆಂಬಂತೆ, "ನಂಗೂ ಆಗುತ್ತೆ," ಎಂದು ತಾತನ ತೊಡೆಯ ಮೇಲೆ ಏರಿ ಕೂತಳು.

ಹೊರಗಿನ ದೀಪಗಳು ಒಮ್ಮೆ ಕೆಂಪು, ಒಮ್ಮೆ ಹಳದಿಯಾಗಿ ಗೋಡೆಯ ಮೇಲೆ ಬಂದುಹೋಗುತ್ತಿದ್ದವು. ಕೊನೆಗೆ ಸೊಸೆಯೇ ಕೇಳಿದಳು.

"ಜೋಲಿಯಲ್ಲಿ ತುಂಬ ಅಳ್ತಿದ್ರಾ ಮಾವ?"

"ಅಳೋದಾ?" ಏಣಿಯಪ್ಪ ಮೂಗು ಒರೆಸಿಕೊಂಡ. "ಅವನೆಲ್ಲಿ ಅಳ್ತಿದ್ದ. ತೂಗೋರನ್ನ ಅಳಿಸ್ತಿದ್ದ. ಆವಾಗಿನ ಕಾರ್ಯದರ್ಶಿ ಒಬ್ರಿದ್ರು, ಇಸ್ತ್ರಿ ಮಡಿಕೆ ಮುರಿಯದ ಮನುಷ್ಯ. ಒಂದು ದಿನ ನನ್ನ ಬೈಯೋಕೆ ಅಂತಲೇ ಮರದ ಕೆಳಗೆ ಬಂದು ನಿಂತ್ರು. 'ಇದೇನು ಅಂಗಳಾನಾ, ತೊಟ್ಟಿಲ ಮನೇನಾ' ಅಂತ ಶುರು ಮಾಡಿ ಜೋಲಿಯೊಳಗೆ ಬಗ್ಗಿದ್ರು ನೋಡು, ಇವನು ಸರಿಯಾಗಿ ಅವರ ಮುಖದ ಮೇಲೆ..."

ಪುಟ್ಟಿಗೆ ಅರ್ಥವಾಯಿತು; ಕಿಲಕಿಲನೆ ನಕ್ಕಳು. ಸೊಸೆಗೂ ನಗು ಬಂತು. ನಗುತ್ತ ನಗುತ್ತಲೇ ಅದು ಅಳುವಾಯಿತು, ಅವಳು ತಡೆಯಲಿಲ್ಲ.

"ಆಮೇಲೆ?" ಎಂದಳು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ.

"ಆಮೇಲೆ ನಿಮ್ಮತ್ತೆ ಓಡಿ ಬಂದ್ಲು..." ಎಂದು ಅವನು ಮುಂದುವರಿಸಿದ. ನಡುನಡುವೆ ಕಥೆ ನಿಲ್ಲುತ್ತಿತ್ತು. ನಿಂತಾಗ ಅವಳು ಕಾಯುತ್ತಿದ್ದಳು, ಮತ್ತೆ "ಆಮೇಲೆ?" ಎನ್ನುತ್ತಿದ್ದಳು. ತಟ್ಟೆಗಳಲ್ಲಿ ಊಟ ತಣ್ಣಗಾಗಿತ್ತು. ಯಾರೂ ಎದ್ದು ಬಿಸಿ ಮಾಡಲಿಲ್ಲ.